ಕಲ್ಲಿನ ಮೇಲಿನ ಹೆಸರುಗಳು



ರಜೆ ಬಂತೆಂದರೆ ನಮ್ಮ ಮನೆಗಳಲ್ಲಿ ಪ್ರವಾಸದ ಮಾತು ಏಳುತ್ತದೆ. ಹಾಸನದ ಕಡೆಗೆ ಹೊರಟವರಂತೂ ಬೆಳಗಿನ ಜಾವವೇ ಮನೆ ಬಿಟ್ಟು, ಒಂದೇ ದಿನದಲ್ಲಿ ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮೂರನ್ನೂ ‘ಮುಗಿಸಿ’ಕೊಂಡು ರಾತ್ರಿಯ ಹೊತ್ತಿಗೆ ಹಿಂದಿರುಗುತ್ತಾರೆ. ಈ ‘ಮುಗಿಸುವುದು’ ಎಂಬ ಮಾತು ಗಮನಿಸತಕ್ಕದ್ದು. ಒಂಬೈನೂರು ವರ್ಷಗಳಿಂದ ನಿಂತಿರುವ ಗುಡಿಯೊಂದನ್ನು ಮುಕ್ಕಾಲು ಗಂಟೆಯಲ್ಲಿ ಮುಗಿಸಿ ಬಂದವರಿಗೆ ಕೊನೆಗೆ ಉಳಿಯುವುದೇನು? ಬಾಗಿಲ ಮುಂದೆ ನಿಂತು ತೆಗೆಸಿಕೊಂಡ ಒಂದು ಫೋಟೋ, ‘ಇದನ್ನೆಲ್ಲ ಕೆತ್ತಿದವನು ಜಕಣಾಚಾರಿ’ ಎಂಬ ಒಂದು ವಾಕ್ಯ.

ಆ ವಾಕ್ಯವನ್ನೇ ಹಿಡಿದುಕೊಂಡು ಇಂದು ನಿಮ್ಮೊಡನೆ ಕೆಲವು ಮಾತುಗಳನ್ನಾಡಬೇಕೆಂದಿದ್ದೇನೆ. ಈ ಗುಡಿಗಳನ್ನು ಕೆತ್ತಿದವರು ಯಾರು? ಪ್ರಶ್ನೆಗೆ ಉತ್ತರ ಆ ಗುಡಿಗಳ ಗೋಡೆಗಳ ಮೇಲೆಯೇ ಇದೆ; ಅದೂ ನಮ್ಮ ಕನ್ನಡ ಲಿಪಿಯಲ್ಲಿಯೇ ಇದೆ. ಅದನ್ನು ಓದುವವರು ಮಾತ್ರ ಬಹಳ ಕಡಿಮೆ.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯವರೆಲ್ಲ ಸೇರಿ ಈ ಊರುಗಳಿಗೆ ಹೋಗಿದ್ದೆವು. ನಮ್ಮ ತಾಯಿ, ಅಕ್ಕ, ಭಾವ, ಅಕ್ಕನ ಮಕ್ಕಳಿಬ್ಬರು. ಹುಡುಗಿ ಆಗ ಪಿ.ಯು.ಸಿ. ಓದುತ್ತಿದ್ದಳು, ಹುಡುಗ ಒಂಬತ್ತನೆಯ ತರಗತಿಯಲ್ಲಿದ್ದ. ಎಲ್ಲರೂ ಹೋಗುವಂತೆ ಬೇಲೂರಿನಿಂದ ಆರಂಭಿಸದೆ, ಬೆಂಗಳೂರಿನಿಂದ ರೈಲಿನಲ್ಲಿ ಅರಸೀಕೆರೆಗೆ ಹೋಗಿ, ಅಲ್ಲಿಂದ ಬಾಡಿಗೆಯ ವ್ಯಾನಿನಲ್ಲಿ ಜಾವಗಲ್ಲಿನ ಮೇಲೆ ಹಳೇಬೀಡಿಗೂ, ಅಲ್ಲಿಂದ ಬೇಲೂರಿಗೂ ಹೋಗುವುದೆಂದು ಗೊತ್ತುಮಾಡಿಕೊಂಡೆವು. ಹೀಗೆ ಹೋದರೆ ಒಂದು ಅನುಕೂಲವಿದೆ. ಅರಸೀಕೆರೆಯ ಗುಡಿ ಸುಮಾರು 1220ನೆಯ ಇಸವಿಯದು, ಹಳೇಬೀಡಿನದು 1121ರ ಸುಮಾರಿಗೆ ಆರಂಭವಾದದ್ದು, ಬೇಲೂರಿನದು 1117ರಲ್ಲಿ ಪ್ರತಿಷ್ಠೆಯಾದದ್ದು. ವ್ಯಾನು ಮುಂದಕ್ಕೆ ಹೋದ ಹಾಗೆ ನೀವು ಕಾಲದಲ್ಲಿ ಹಿಂದಕ್ಕೆ, ಹೊಯ್ಸಳ ಶಿಲ್ಪದ ಮೊದಲ ದಿನಗಳ ಕಡೆಗೆ ಸಾಗುತ್ತೀರಿ.

ಅರಸೀಕೆರೆಯೆಂದರೆ ಬಹುಮಂದಿಗೆ ರೈಲು ಬದಲಾಯಿಸುವ ಊರು. ಹುಬ್ಬಳ್ಳಿಯ ಕಡೆಗೂ ಮೈಸೂರಿನ ಕಡೆಗೂ ಹೋಗುವ ಹಳಿಗಳು ಇಲ್ಲಿ ಕೂಡುತ್ತವೆ. ವ್ಯಾಪಾರಿಗಳಿಗೆ ಇದು ತೆಂಗು, ಕೊಬ್ಬರಿಗಳ ಊರು. ಆದರೆ ಹೆಸರನ್ನು ಬಿಡಿಸಿ ನೋಡಿ: ಅರಸಿಯ ಕೆರೆ. ಹೊಯ್ಸಳ ಮನೆತನದ ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿಂದ ಊರಿಗೆ ಈ ಹೆಸರು ಬಂದಿತೆಂದು ಪ್ರತೀತಿ. ಊರಿನಲ್ಲಿರುವ ಈಶ್ವರ ದೇವಾಲಯವನ್ನು ಜನ ಶಿವಾಲಯವೆಂದು ಕರೆಯುತ್ತಾರೆ. ಬೇಲೂರಿನ ಗಲಾಟೆ ಇಲ್ಲಿಲ್ಲ. ನಾವು ಹೋದ ಹೊತ್ತಿನಲ್ಲಿ ಅಂಗಳದ ನೆರಳಿನಲ್ಲಿ ಇಬ್ಬರು ಹಿರಿಯರು ಕುಳಿತು ಮಾತನಾಡುತ್ತಿದ್ದರು, ಅಷ್ಟೆ. ಗುಡಿಯನ್ನು ಸಾವಧಾನವಾಗಿ ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ.

ಈ ಗುಡಿಯ ಮುಂಭಾಗದ ತೆರೆದ ಮಂಟಪವನ್ನು ನೋಡಬೇಕು. ಅದರ ತಳದ ವಿನ್ಯಾಸ ಹದಿನಾರು ಮೂಲೆಗಳ ನಕ್ಷತ್ರ. ಹೊಯ್ಸಳ ಗುಡಿಗಳಲ್ಲಿ ನಕ್ಷತ್ರದ ಆಕಾರ ಅಪರೂಪವಲ್ಲವಾದರೂ ಸಾಮಾನ್ಯವಾಗಿ ಅದು ಗರ್ಭಗುಡಿಯ ಭಾಗದಲ್ಲಿ ಇರುತ್ತದೆ. ಮುಂದಿನ ಮಂಟಪವನ್ನೂ ಹೀಗೆ ನಕ್ಷತ್ರವಾಗಿ ಮಾಡಿದ್ದು ಅರಸೀಕೆರೆಯ ವಿಶೇಷ. ‘ಮಾವ, ಇದನ್ನು ನೆಲದ ಮೇಲೆ ಹೇಗೆ ಗುರುತು ಹಾಕಿದರು?’ ಎಂದು ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಮನೆಗೆ ಬಂದ ಮೇಲೆ ನೀವೂ ಇದನ್ನು ಮಾಡಿ ನೋಡಬಹುದು. ರಟ್ಟಿನ ಒಂದು ಚೌಕವನ್ನು ಕಾಗದದ ಮೇಲಿಟ್ಟು, ನಡುವೆ ಗುಂಡುಸೂಜಿ ಚುಚ್ಚಿ, ಅಂಚನ್ನು ಪೆನ್ಸಿಲಿನಿಂದ ಬರೆಯಿರಿ. ಅನಂತರ ಚೌಕವನ್ನು ಇಪ್ಪತ್ತೆರಡೂವರೆ ಡಿಗ್ರಿಯಷ್ಟು ತಿರುಗಿಸಿ ಮತ್ತೆ ಬರೆಯಿರಿ. ಹೀಗೆ ನಾಲ್ಕು ಸಲ ಬರೆದರೆ ಹದಿನಾರು ಮೂಲೆಗಳ ನಕ್ಷತ್ರ ಕಾಗದದ ಮೇಲೆ ಮೂಡುತ್ತದೆ. ನಡುವೆ ಒಂದು ಗೂಟ, ಅದಕ್ಕೆ ಕಟ್ಟಿದ ಒಂದು ಹಗ್ಗ, ಜೊತೆಗೆ ಲೆಕ್ಕ ಬಲ್ಲ ಒಂದು ತಲೆ ಇದ್ದರೆ ನೆಲದ ಮೇಲೂ ಇಂಥದೊಂದು ಆಕಾರವನ್ನು ಗುರುತು ಹಾಕಬಹುದು. ರೇಖಾಗಣಿತವನ್ನು ಪರೀಕ್ಷೆಗೆಂದು ಓದುವ ನಾವು, ಅದನ್ನು ಕಲ್ಲಿನಲ್ಲಿ ನಿಲ್ಲಿಸಿದವರ ಕೈಯನ್ನು ಇಲ್ಲಿ ನೋಡುತ್ತೇವೆ.

ಇದೇ ಊರಿನಲ್ಲಿ ಸಹಸ್ರಕೂಟ ಜಿನಾಲಯವೂ ಇದೆ. ಅದನ್ನು ಎರಡನೆಯ ವೀರಬಲ್ಲಾಳನ ಮಂತ್ರಿ ರೇಚರಸನು 1220ರಲ್ಲಿ ಕಟ್ಟಿಸಿದನು. ಒಂದೇ ಊರು, ಒಂದೇ ಕಾಲ. ಒಂದು ಶಿವನ ಗುಡಿ, ಒಂದು ಬಸದಿ. ಕಟ್ಟಿಸಿದವರ ಹೆಸರುಗಳು ಹೀಗೆ ಶಾಸನಗಳಿಂದ ನಮಗೆ ದೊರೆಯುತ್ತವೆ. ಕಟ್ಟಿದವರ ಹೆಸರು?

ವ್ಯಾನು ಜಾವಗಲ್ಲಿನ ದಾರಿ ಹಿಡಿದಾಗ ಮೊಮ್ಮಗ ಇದನ್ನೇ ಕೇಳಿದ. ನಮ್ಮ ತಾಯಿ, ‘ಇನ್ಯಾರೋ, ಜಕಣಾಚಾರಿ’ ಎಂದು ಕಥೆಯನ್ನು ಆರಂಭಿಸಿಯೇಬಿಟ್ಟರು. ನಿಮ್ಮಲ್ಲಿ ಅನೇಕರು ಕೇಳಿರುವ ಕಥೆಯೇ. ಶಿಲ್ಪದ ಹುಚ್ಚಿನಲ್ಲಿ ಮನೆ, ಮಡದಿಯನ್ನು ಬಿಟ್ಟು ಹೋದ ಜಕಣಾಚಾರಿ ಊರೂರು ತಿರುಗಿ ದೊಡ್ಡ ಶಿಲ್ಪಿಯೆನಿಸುತ್ತಾನೆ. ಬೇಲೂರಿನಲ್ಲಿ ಅವನು ಚೆನ್ನಿಗರಾಯನ ವಿಗ್ರಹವನ್ನು ಮುಗಿಸಿದಾಗ, ಎಲ್ಲಿಂದಲೋ ಬಂದ ಹುಡುಗನೊಬ್ಬ ಈ ಕಲ್ಲಿನಲ್ಲಿ ದೋಷವಿದೆ ಎನ್ನುತ್ತಾನೆ. ದೋಷವಿದ್ದರೆ ನನ್ನ ಬಲಗೈಯನ್ನೇ ಕತ್ತರಿಸಿಕೊಳ್ಳುತ್ತೇನೆಂದು ಮುದುಕ ಪಂಥ ಕಟ್ಟುತ್ತಾನೆ. ವಿಗ್ರಹಕ್ಕೆಲ್ಲ ಗಂಧ ಬಳಿಯುತ್ತಾರೆ. ಎಲ್ಲ ಕಡೆ ಗಂಧ ಒಣಗುತ್ತದೆ, ಹೊಕ್ಕುಳ ಹತ್ತಿರ ಮಾತ್ರ ಹಸಿಯಾಗಿಯೇ ಉಳಿಯುತ್ತದೆ. ಅಲ್ಲಿ ಒಡೆದರೆ ನೀರು, ಮರಳು, ಒಂದು ಕಪ್ಪೆ ಹೊರಗೆ ಬರುತ್ತವೆ. ಮುದುಕ ಆಡಿದ ಮಾತಿನಂತೆ ಕೈ ಕತ್ತರಿಸಿಕೊಳ್ಳುತ್ತಾನೆ. ಆಮೇಲೆ ತಿಳಿಯುತ್ತದೆ, ಆ ಹುಡುಗ ಅವನದೇ ಮಗ, ಡಂಕಣ. ಕೊನೆಗೆ ತುಮಕೂರಿನ ಹತ್ತಿರದ ಕೈದಾಳದಲ್ಲಿ ಕೇಶವನ ಗುಡಿಯನ್ನು ಕಟ್ಟಿದಾಗ ಕೈ ಮರಳಿ ಬಂತು ಎನ್ನುವುದರೊಂದಿಗೆ ಕಥೆ ಮುಗಿಯುತ್ತದೆ.

ನಮ್ಮ ತಾಯಿ ಇದನ್ನು ಹೇಳುವಾಗ ವ್ಯಾನಿನ ಚಾಲಕರೂ ಸದ್ದಿಲ್ಲದೆ ಕೇಳುತ್ತಿದ್ದರು. ಕಥೆ ಅಷ್ಟು ಚೆನ್ನಾಗಿದೆ. 1964ರಲ್ಲಿ ಬಿ.ಎಸ್. ರಂಗಾ ಅವರು ಇದನ್ನು ‘ಅಮರಶಿಲ್ಪಿ ಜಕಣಾಚಾರಿ’ ಎಂಬ ವರ್ಣಚಿತ್ರವನ್ನಾಗಿ ಮಾಡಿದರು. ನಮ್ಮ ರಾಜ್ಯ ಸರ್ಕಾರ ಶಿಲ್ಪಿಗಳಿಗೆ ಅವನ ಹೆಸರಿನಲ್ಲಿ ಪ್ರಶಸ್ತಿಯನ್ನು ಕೊಡುತ್ತದೆ. ಆದರೆ ಹುಡುಗ ಬಿಡಲಿಲ್ಲ. ‘ಅಜ್ಜಿ, ಇದು ನಿಜವಾಗಿ ನಡೆದದ್ದಾ?’ ಎಂದ. ಅವರು ನನ್ನ ಮುಖ ನೋಡಿದರು.

ಮಿತ್ರರೇ, ಹೊಯ್ಸಳರ ಕಾಲದ ಶಾಸನಗಳಲ್ಲಿ ಈ ಗುಡಿಗಳನ್ನು ಕೆತ್ತಿದವನೆಂದು ಜಕಣಾಚಾರಿಯ ಹೆಸರು ಬರುವುದಿಲ್ಲ. ‘ದಕ್ಷಿಣಾಚಾರ್ಯ’, ಅಂದರೆ ದಕ್ಷಿಣ ದೇಶದ ಆಚಾರ್ಯ ಎಂಬ ಬಿರುದಿನ ಮಾತೇ ಜನರ ಬಾಯಲ್ಲಿ ಜಕಣಾಚಾರಿ ಆಗಿರಬೇಕೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ಕಥೆ ಸುಳ್ಳೆಂದು ಅದನ್ನು ಎಸೆಯಬೇಕಾಗಿಲ್ಲ. ಅದರೊಳಗೆ ಕಸುಬಿನ ತಿಳಿವಳಿಕೆ ಇದೆ. ಕೆತ್ತುವ ಮೊದಲು ಕಲ್ಲಿನ ಒಳಗನ್ನು ಪರೀಕ್ಷಿಸಬೇಕು, ಚಿಕ್ಕವನು ತೋರಿಸಿದ ತಪ್ಪನ್ನೂ ದೊಡ್ಡವನು ಒಪ್ಪಿಕೊಳ್ಳಬೇಕು ಎಂಬುದನ್ನು ಇಷ್ಟು ಮನಮುಟ್ಟುವಂತೆ ಹೇಳುವ ಬೇರೆ ಕಥೆ ಸಿಕ್ಕುವುದು ಕಷ್ಟ. ಆದರೆ ಅದರಿಂದ ಒಂದು ನಷ್ಟವೂ ಆಗಿದೆ. ನೂರಾರು ಜನರ ಕೆಲಸ ಒಬ್ಬನ ಹೆಸರಿಗೆ ಸಂದುಹೋಗಿದೆ. ಆ ನೂರಾರು ಜನರಲ್ಲಿ ಕೆಲವರಾದರೂ ತಮ್ಮ ಹೆಸರನ್ನು ತಾವೇ ಬರೆದಿಟ್ಟು ಹೋಗಿದ್ದಾರೆ. ಅಂಥ ಒಂದು ಹೆಸರು ಜಾವಗಲ್ಲಿನಲ್ಲಿಯೇ ನಮಗೆ ಎದುರಾಗುತ್ತದೆ.

ಜಾವಗಲ್ ಎಂದ ಕೂಡಲೆ ಕ್ರಿಕೆಟ್ ಪ್ರಿಯರಿಗೆ ವೇಗದ ಬೌಲರ್ ಜಾವಗಲ್ ಶ್ರೀನಾಥ್ ನೆನಪಾಗುತ್ತಾರೆ. ಅವರ ಹೆಸರಿನ ಮೊದಲಲ್ಲಿರುವುದು ಈ ಊರೇ. ಇಲ್ಲಿಯ ಲಕ್ಷ್ಮೀನರಸಿಂಹ ದೇವಾಲಯ ಹದಿಮೂರನೆಯ ಶತಮಾನದ್ದು. ಇದರ ಶಿಲ್ಪಗಳಲ್ಲಿ ಕೈಯಾಡಿಸಿದವರಲ್ಲಿ ಮಲ್ಲಿತಮ್ಮ ಎಂಬ ಶಿಲ್ಪಿಯೂ ಒಬ್ಬ. ಇವನು ಒಂದೇ ಊರಿನಲ್ಲಿ ಕೆಲಸ ಮಾಡಿದವನಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರಲ್ಲಿ ಕಟ್ಟಿದ ಲಕ್ಷ್ಮೀನರಸಿಂಹನ ಗುಡಿಯಲ್ಲಿ ಒಂದು ಕಡೆಯ ಗೋಡೆಯ ಶಿಲ್ಪಗಳು ಮಲ್ಲಿತಮ್ಮನವು, ಇನ್ನೊಂದು ಕಡೆಯವು ಬೈಚೋಜನೆಂಬ ಶಿಲ್ಪಿಯವು. ಅದೇ ಮಲ್ಲಿತಮ್ಮನ ಹೆಸರು ಸೋಮನಾಥಪುರದಲ್ಲಿ ಮತ್ತೆ ಮತ್ತೆ ಬರುತ್ತದೆ. ಕೆಲವು ಕಡೆ ಪೂರ್ತಿ ಹೆಸರು, ಕೆಲವು ಕಡೆ ಬರಿಯ ‘ಮಲ್ಲಿ’, ಕೆಲವು ಕಡೆ ‘ಮ’ ಎಂಬ ಒಂದೇ ಅಕ್ಷರ. ನಿಮ್ಮ ಮೇಷ್ಟ್ರು ಉತ್ತರ ಪತ್ರಿಕೆಯ ಮೂಲೆಯಲ್ಲಿ ಹಾಕುವ ಚಿಕ್ಕ ರುಜು ಇದೆಯಲ್ಲ, ಹಾಗೆ. ‘ಮಲ್ಲಿತಮ್ಮ ಅಂದರೆ ಹೆಂಗಸಾ?’ ಎಂದು ಹುಡುಗಿ ಕೇಳಿದಳು. ಅಲ್ಲ. ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇರುವ ತಮ್ಮಯ್ಯ, ತಮ್ಮಣ್ಣ ಎಂಬ ಹೆಸರುಗಳ ಬಳಗದ್ದು ಅದು.

ಮುಂದೆ ಹಳೇಬೀಡು. ‘ಬೀಡು’ ಎಂದರೆ ಅರಸರು ನೆಲಸುವ ಸ್ಥಳ. ದೋರಸಮುದ್ರವೆಂದು ಹೆಸರಾಗಿದ್ದ ರಾಜಧಾನಿ ಹಾಳಾದ ಮೇಲೆ ಹಳೆಯ ಬೀಡು ಎನ್ನಿಸಿಕೊಂಡಿತು. 1311ರಲ್ಲಿ ದೆಹಲಿಯ ಅಲ್ಲಾವುದ್ದೀನ ಖಿಲ್ಜಿಯ ದಂಡನಾಯಕ ಮಲಿಕ್ ಕಾಫರ್ ದಂಡೆತ್ತಿ ಬಂದನು. ಆಗ ಆಳುತ್ತಿದ್ದವನು ಮೂರನೆಯ ಬಲ್ಲಾಳ. ಮುಂದೆ ಮಹಮ್ಮದ್ ಬಿನ್ ತುಘಲಕನ ಕಾಲದಲ್ಲಿ ಮತ್ತೊಂದು ದಾಳಿಯಾಗಿ ರಾಜಧಾನಿ ತನ್ನ ಹಿಂದಿನ ವೈಭವಕ್ಕೆ ಮರಳಲೇ ಇಲ್ಲ. ‘ಹಾಗಾದರೆ ರಾಜನ ಅರಮನೆ ಎಲ್ಲಿ?’ ಎಂದು ಹುಡುಗ ಕೇಳಿದ. ಊರಿನ ಹತ್ತಿರದ ಬೆಣ್ಣೆಗುಡ್ಡದ ಕಡೆಗೆ ಕೈ ತೋರಿಸಬೇಕಾಯಿತು. ಅರಮನೆ ಅಲ್ಲಿದ್ದಿತೆಂದು ಹೇಳುತ್ತಾರೆ. ಈಗ ಕಾಣುವುದು ದಿಬ್ಬ, ಒಂದಿಷ್ಟು ಕಲ್ಲು, ಗಿಡಗಂಟಿ. ಸಿಂಹಾಸನವಿದ್ದ ಮನೆ ಅಳಿದುಹೋಯಿತು. ಉಳಿ ಹಿಡಿದವರ ಕೆಲಸ ಉಳಿದುಕೊಂಡಿತು. ಮಕ್ಕಳು ಅಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಂತರು.

ಹೊಯ್ಸಳೇಶ್ವರ ದೇವಾಲಯವನ್ನು ರಾಜನೇ ಕಟ್ಟಿಸಿದನೆಂದು ನಾವು ಎಣಿಸುತ್ತೇವೆ. ಅದರ ನಿರ್ಮಾಣಕ್ಕೆ ಕೈಹಾಕಿದವನು ವಿಷ್ಣುವರ್ಧನನ ಅಧಿಕಾರಿಯಾದ ಕೇತಮಲ್ಲ. ಇಲ್ಲಿ ಗರ್ಭಗುಡಿಗಳು ಎರಡು. ಒಂದು ಅರಸನ ಹೆಸರಿನ ಹೊಯ್ಸಳೇಶ್ವರ, ಇನ್ನೊಂದು ರಾಣಿ ಶಾಂತಲೆಯ ಹೆಸರಿನ ಶಾಂತಲೇಶ್ವರ. ಶಾಂತಲೆ ಜೈನಳು. ಅವಳ ಗಂಡ ಬೇಲೂರಿನಲ್ಲಿ ವಿಷ್ಣುವಿಗೆ ಗುಡಿ ಕಟ್ಟಿಸಿದವನು. ಅವರಿಬ್ಬರ ಹೆಸರಿನಲ್ಲಿ ಇಲ್ಲಿ ಪೂಜೆಗೊಂಡದ್ದು ಶಿವಲಿಂಗ. ಇಲ್ಲಿಂದ ಸ್ವಲ್ಪವೇ ದೂರದ ಬಸ್ತಿಹಳ್ಳಿಯಲ್ಲಿ ದಂಡನಾಯಕ ಗಂಗರಾಜನ ಮಗ ಬೊಪ್ಪ 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿ ಇದೆ. ಪರೀಕ್ಷೆಯಲ್ಲಿ ‘ಹೊಯ್ಸಳರ ಧಾರ್ಮಿಕ ಸಹಿಷ್ಣುತೆ’ ಎಂದು ಎರಡು ಅಂಕಕ್ಕೆ ಬರೆಯುವ ವಿಷಯ ಇಲ್ಲಿ ಕಾಲ್ನಡಿಗೆಯ ದೂರದಲ್ಲಿ ಕಣ್ಣಿಗೆ ಕಾಣುತ್ತದೆ.

ಹೊಯ್ಸಳೇಶ್ವರದ ಹೊರಗೋಡೆಯ ಬುಡದಿಂದ ಕಣ್ಣನ್ನು ಮೇಲಕ್ಕೆ ಏರಿಸಿ. ಒಂದರ ಮೇಲೊಂದು ಪಟ್ಟಿಕೆಗಳು. ಎಲ್ಲಕ್ಕಿಂತ ಕೆಳಗೆ ಆನೆಗಳು, ಮೇಲೆ ಸಿಂಹಗಳು, ಬಳ್ಳಿಯ ಸುರುಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಅದರ ಮೇಲೆ ರಾಮಾಯಣ, ಮಹಾಭಾರತ, ಭಾಗವತಗಳ ಕಥೆಗಳು, ಮಕರಗಳು, ಕೊನೆಗೆ ಹಂಸಗಳು. ಅವಸರದಲ್ಲಿ ನೋಡಿದರೆ ಆನೆಗಳೆಲ್ಲ ಒಂದೇ. ನಿಂತು ನೋಡಿದರೆ ಒಂದರ ಸೊಂಡಿಲು ಮುಂದಿನದರ ಬಾಲದ ಕಡೆಗೆ, ಇನ್ನೊಂದು ತಲೆ ತಗ್ಗಿಸಿದೆ. ಯಾವುದೂ ಅಚ್ಚಿನಲ್ಲಿ ಹೊಯ್ದದ್ದಲ್ಲ, ಪ್ರತಿಯೊಂದನ್ನೂ ಒಬ್ಬ ಮನುಷ್ಯ ಬೇರೆಯಾಗಿ ಕೆತ್ತಿದ್ದಾನೆ. ಆ ಮನುಷ್ಯರಲ್ಲಿ ಕೆಲವರ ಹೆಸರುಗಳು ಇಲ್ಲಿನ ಶಿಲ್ಪಗಳ ಕೆಳಗೆ ಇವೆ: ಮಾಬಲ, ಬಲ್ಲಣ, ಬೋಚಣ, ಕೇತಣ, ರೇವೋಜ. ಪಠ್ಯಪುಸ್ತಕದಲ್ಲಿ ನೀವು ಈ ಹೆಸರುಗಳನ್ನು ಓದಿರಲಾರಿರಿ.

ಗುಡಿಯ ಹತ್ತಿರವೇ ಒಂದು ಕಂಬವಿದೆ. ಎರಡನೆಯ ವೀರಬಲ್ಲಾಳನ ಅಂಗರಕ್ಷಕನಾಗಿದ್ದ ಕುವರಲಕ್ಷ್ಮನು ದೊರೆ ತೀರಿಕೊಂಡಾಗ ಕೊಟ್ಟ ಮಾತಿನಂತೆ ಪರಿವಾರದೊಡನೆ ತಾನೂ ಪ್ರಾಣ ಬಿಟ್ಟದ್ದನ್ನು ಅದರ ಶಾಸನ ಹೇಳುತ್ತದೆ. ಇಂಥ ಕಾವಲಿನವರನ್ನು ಗರುಡರೆಂದು ಕರೆಯುತ್ತಿದ್ದರು. ಇಂದು ನಾವು ಆ ಪದ್ಧತಿಯನ್ನು ಒಪ್ಪುವುದಿಲ್ಲ, ಒಪ್ಪಲೂಬಾರದು. ಆದರೆ ಅರಸನ ಸೇವಕನೊಬ್ಬನ ಹೆಸರೂ ಕಲ್ಲಿನಲ್ಲಿ ಉಳಿದಿದೆ ಎಂಬುದು ಗಮನಾರ್ಹ. ಹಳೆಯ ಗುಡಿಯ ಅಂಗಳವೆಂದರೆ ಒಂದು ಕಾಲದ ಜನರ ಹಾಜರಿ ಪುಸ್ತಕವಿದ್ದಂತೆ. ಅದರಲ್ಲಿ ದೊರೆ, ಮಂತ್ರಿ, ರಾಣಿ, ಕಾವಲಿನವನು, ಕಲ್ಲುಕೆಲಸದವನು ಎಲ್ಲರೂ ಸಿಕ್ಕುತ್ತಾರೆ.

ಹಳೇಬೀಡಿನಿಂದ ಬೇಲೂರಿಗೆ ಹದಿನಾರು ಕಿಲೋಮೀಟರ್. ಯಗಚಿ ನದಿಯ ದಂಡೆಯ ಈ ಊರಿನಲ್ಲಿ ವಿಷ್ಣುವರ್ಧನನು 1117ರಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠೆ ಮಾಡಿಸಿದನು. ಇವನನ್ನೇ ನಾವೀಗ ಚೆನ್ನಕೇಶವನೆನ್ನುತ್ತೇವೆ. ಇಂದಿಗೂ ಇಲ್ಲಿ ನಿತ್ಯಪೂಜೆ ನಡೆಯುತ್ತದೆ. ಪಕ್ಕದಲ್ಲಿಯೇ ಶಾಂತಲೆ ಕಟ್ಟಿಸಿದ ಕಪ್ಪೆ ಚೆನ್ನಿಗರಾಯನ ಗುಡಿ ಇದೆ. ನಮ್ಮ ತಾಯಿ ನೇರವಾಗಿ ಅಲ್ಲಿಗೆ ಹೋಗಿ, ಕಥೆಯ ಕಪ್ಪೆ ಬಂದ ಜಾಗವನ್ನು ಮೊಮ್ಮಕ್ಕಳಿಗೆ ತೋರಿಸಿ ಕೈಮುಗಿದರು. ಅನಂತರ ನಾವೆಲ್ಲರೂ ದೊಡ್ಡ ಗುಡಿಯ ಜಗತಿಯನ್ನು ಹತ್ತಿದೆವು.

ಬೇಲೂರಿನ ಮದನಿಕೆಯರ ವಿಷಯ ನಿಮಗೆ ಗೊತ್ತು. ಹೊರಗೆ ಚಾಚಿದ ಸೂರಿನ ಕೆಳಗೆ ಮೂವತ್ತೆಂಟು, ಒಳಗೆ ನಾಲ್ಕು. ಕನ್ನಡಿ ನೋಡಿಕೊಳ್ಳುವವಳು, ಗಿಳಿಯೊಡನೆ ಮಾತನಾಡುವವಳು, ಬೇಟೆಗೆ ಹೊರಟವಳು, ಸೀರೆಯನ್ನು ಕೋತಿ ಎಳೆಯುತ್ತಿರುವವಳು. ಒಂದು ಕಡೆ ಹಲಸಿನ ಹಣ್ಣು, ಅದರ ಮೇಲೆ ಒಂದು ನೊಣ, ನೊಣವನ್ನು ಹಿಡಿಯಲು ಹೊಂಚುವ ಒಂದು ಹಲ್ಲಿ. ಮಾರ್ಗದರ್ಶಿಗಳು ಇವನ್ನೆಲ್ಲ ಬೆತ್ತದಲ್ಲಿ ತೋರಿಸುತ್ತಾರೆ. ಕತ್ತೆತ್ತಿ ನೋಡಿದ ಜನ ಮುಂದಕ್ಕೆ ಹೋಗುತ್ತಾರೆ. ನೀವು ಒಂದು ಕ್ಷಣ ನಿಂತು ಅವುಗಳ ಪೀಠದ ಕಡೆ ಕಣ್ಣು ಹಾಯಿಸಿ. ಕೆಲವು ಪೀಠಗಳ ಮೇಲೆ ಚಿಕ್ಕ ಅಕ್ಷರಗಳಿವೆ. ಬಳ್ಳಿಗಾವೆಯ ದಾಸೋಜ. ಅವನ ಮಗ ಚಾವಣ. ಗದಗಿನ ನಾಗೋಜ. ಮಲ್ಲಿಯಣ್ಣ. ಪದರಿ ಮಲ್ಲೋಜ.

ಬಳ್ಳಿಗಾವೆ ಇಂದಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿದೆ. ಗದಗು ಅದಕ್ಕಿಂತಲೂ ಉತ್ತರಕ್ಕೆ. ಆ ಕಡೆಯಲ್ಲಿ ಚಾಲುಕ್ಯರ ಕಾಲದ ಗುಡಿಗಳನ್ನು ಕಟ್ಟಿ ಪಳಗಿದ ಕೈಗಳು, ಹೊಸ ಕೆಲಸ ಹುಡುಕಿಕೊಂಡು ದಕ್ಷಿಣಕ್ಕೆ, ಮಲೆನಾಡಿನ ಅಂಚಿನ ಈ ಊರಿಗೆ ಬಂದವು. ಆ ಕಾಲದಲ್ಲಿ ಅದು ಕಾಲ್ನಡಿಗೆಯ, ಎತ್ತಿನ ಗಾಡಿಯ ಪಯಣ. ಇಂದು ನಮ್ಮ ಮನೆಗಳಿಂದ ಮಕ್ಕಳು ಕೆಲಸಕ್ಕಾಗಿ ದೂರದ ಊರಿಗೆ ಹೋಗುತ್ತಾರಲ್ಲ, ದಾಸೋಜನ ಸಂಸಾರವೂ ಹಾಗೆಯೇ ಹೊರಟಿರಬೇಕು. ಹೆಸರಿನ ಜೊತೆಗೆ ತನ್ನ ಊರಿನ ಹೆಸರನ್ನೂ ಅವನು ಬಿಡದೆ ಬರೆಸಿದ್ದಾನೆ.

ದಾಸೋಜ, ನಾಗೋಜ, ಮಲ್ಲೋಜ, ಬೈಚೋಜ, ರೇವೋಜ. ಈ ಹೆಸರುಗಳ ಕೊನೆಯಲ್ಲಿರುವ ‘ಓಜ’ ಎಂಬುದು ‘ಉಪಾಧ್ಯಾಯ’ ಎಂಬ ಸಂಸ್ಕೃತ ಪದ ಸವೆದು ಆದ ರೂಪ. ಓಜ ಎಂದರೆ ಗುರು, ಕಸುಬು ಕಲಿಸುವವನು. ಕಲ್ಲುಕುಟಿಗನನ್ನು ಅಂದಿನ ಸಮಾಜ ಮೇಷ್ಟ್ರು ಎಂದು ಕರೆದಿತ್ತು. ಇನ್ನೊಂದು ಪದವನ್ನೂ ನೋಡಿ. ಪತ್ರಿಕೆಗಳಲ್ಲಿ ‘ಗೆಲುವಿನ ರೂವಾರಿ’ ಎಂದು ಓದುತ್ತೀರಿ. ರೂವಾರಿ ಎಂದರೆ ಮೂಲದಲ್ಲಿ ಶಿಲ್ಪಿ, ರೂಪವನ್ನು ಮಾಡುವವನು. ಈ ಶಾಸನಗಳಲ್ಲಿ ಅದೇ ಪದ ಬರುತ್ತದೆ. ಈ ರೂವಾರಿಗಳು ಸಂಕೋಚದ ಜನವೂ ಅಲ್ಲ. ಬಿರುದು ಹೊತ್ತ ಶಿಲ್ಪಿಗಳೆಲ್ಲ ಮನ್ಮಥರಾದರೆ ತಾನು ಅವರ ಪಾಲಿನ ಶಿವನೆಂದು ಒಬ್ಬ ಹೇಳಿಕೊಂಡರೆ, ಇನ್ನೊಬ್ಬ ಶಿಲ್ಪಿಗಳ ನಡುವೆ ತಾನು ಹುಲಿ ಎನ್ನುತ್ತಾನೆ. ಕ್ರೀಡಾಂಗಣದಲ್ಲಿ ನಡೆಯುವ ಪೈಪೋಟಿ ಇಲ್ಲಿ ಉಳಿ ಸುತ್ತಿಗೆಗಳಲ್ಲಿ ನಡೆದಿದೆ.

ಈಗ ಜಕಣಾಚಾರಿಯ ಕಥೆಯನ್ನು ಮತ್ತೆ ನೆನೆಯಿರಿ. ಅಲ್ಲಿ ಒಬ್ಬ ತಂದೆ, ಒಬ್ಬ ಮಗ, ಇಬ್ಬರೂ ಶಿಲ್ಪಿಗಳು. ಇಲ್ಲಿ ಕಲ್ಲಿನ ಮೇಲೆಯೂ ಒಬ್ಬ ತಂದೆ, ಒಬ್ಬ ಮಗ. ಕಥೆಯಲ್ಲಿ ಮಗನ ಮುಂದೆ ತಂದೆ ಸೋತು ಕೈ ಕಳೆದುಕೊಳ್ಳುತ್ತಾನೆ. ಕಲ್ಲಿನ ಮೇಲಿನ ದಾಸೋಜ ಮತ್ತು ಚಾವಣರು ಒಂದೇ ಸೂರಿನ ಕೆಳಗೆ ಬೇರೆ ಬೇರೆ ಮದನಿಕೆಯರನ್ನು ಕೆತ್ತಿ, ಪ್ರತಿಯೊಬ್ಬನೂ ತನ್ನ ಕೆಲಸದ ಕೆಳಗೆ ತನ್ನ ಹೆಸರು ಬರೆದಿದ್ದಾನೆ. ಮಗ ತನ್ನ ಹೆಸರಿನ ಜೊತೆಗೆ ತಂದೆಯ ಹೆಸರನ್ನೂ ಸೇರಿಸಿದ್ದಾನೆ. ಇದನ್ನು ಹೇಳಿದಾಗ ನಮ್ಮ ತಾಯಿ ಬಹಳ ಹೊತ್ತು ಮೇಲಕ್ಕೆ ನೋಡುತ್ತಿದ್ದು, ‘ಇವರ ಕಥೆಯನ್ನು ನಮಗೆ ಯಾರೂ ಹೇಳಲೇ ಇಲ್ಲವಲ್ಲಪ್ಪ’ ಎಂದರು.

ಯಾರೂ ಓದಿಯೇ ಇಲ್ಲವೆಂದಲ್ಲ. ಬಿ.ಎಲ್. ರೈಸ್ ಅವರು ಮೈಸೂರು ಸಂಸ್ಥಾನದ ಸಾವಿರಾರು ಶಾಸನಗಳನ್ನು ಪ್ರತಿಮಾಡಿಸಿ, ಜಿಲ್ಲೆಗೊಂದರಂತೆ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳಲ್ಲಿ ಅಚ್ಚುಹಾಕಿಸಿದರು. ಹಾಸನ ಜಿಲ್ಲೆಯ ಸಂಪುಟ 1902ರಲ್ಲಿ ಬಂತು. ಅವರ ತರುವಾಯ ಸಂಸ್ಥಾನದ ಪ್ರಾಕ್ತನ ಶೋಧನೆಯ ಇಲಾಖೆಯನ್ನು ನಡೆಸಿದ ಆರ್. ನರಸಿಂಹಾಚಾರ್ಯರು 1919ರಲ್ಲಿ ಬೇಲೂರಿನ ಕೇಶವ ದೇವಾಲಯದ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಇದೇ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಡಾ. ಎಂ.ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದ ಶಾಸನ, ಸುಮಾರು ಕ್ರಿ.ಶ. 450ರದು, ಕನ್ನಡದ ಅತ್ಯಂತ ಹಳೆಯ ಶಾಸನವೆಂದು ಬಹುಕಾಲದಿಂದ ಹೆಸರಾಗಿದೆ. ಇಂಥ ಪುಸ್ತಕಗಳು ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಇರಬಹುದು. ಕೇಳಿ ನೋಡಿ.

ಇನ್ನು ಕೊನೆಯ ಮಾತು. ಇದು ಸ್ವಲ್ಪ ಕಹಿಯಾದದ್ದು. ಹೊಯ್ಸಳ ಶಿಲ್ಪಿಗಳು ಬಳಸಿದ್ದು ಬಳಪದ ಕಲ್ಲು. ಹಿಂದೆ ಮಕ್ಕಳು ಸ್ಲೇಟಿನ ಮೇಲೆ ಬರೆಯುತ್ತಿದ್ದ ಬಳಪದ ಜಾತಿಯದೇ ಇದು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಹಾಗಿದ್ದುದರಿಂದಲೇ ಬಳೆಯ ಸಂದು, ಕೂದಲಿನ ಸುರುಳಿ, ನೊಣದ ರೆಕ್ಕೆಗಳನ್ನು ಅವರು ಕೆತ್ತಲಾಯಿತು; ಬಾದಾಮಿಯ ಮರಳುಗಲ್ಲಿನಲ್ಲಾಗಲಿ ಹಂಪೆಯ ಕಣಶಿಲೆಯಲ್ಲಾಗಲಿ ಈ ನವಿರು ಸುಲಭವಲ್ಲ. ಆದರೆ ಎಷ್ಟೇ ಗಟ್ಟಿಯಾದರೂ ಬಳಪದ ಕಲ್ಲನ್ನು ಗೀಚಲು ಒಂದು ಮೊಳೆ, ಒಂದು ಬೀಗದ ಕೈ, ನಿಮ್ಮ ಕಂಪಾಸು ಪೆಟ್ಟಿಗೆಯ ಕೈವಾರ ಸಾಕು.

ನಾವು ನೋಡಿದ ಗುಡಿಯೊಂದರಲ್ಲಿ, ಯಾವುದೆಂದು ಹೇಳುವುದು ಬೇಡ, ಕಂಬವೊಂದರ ನುಣುಪಾದ ಮೈಮೇಲೆ ಯಾರೋ ತಮ್ಮ ಹೆಸರು, ತಮ್ಮ ಗೆಳತಿಯ ಹೆಸರು, ಇಸವಿಯನ್ನು ಗೀಚಿದ್ದರು. ಅಕ್ಷರಗಳು ಅಂಗೈ ಅಗಲ. ಹುಡುಗ ಅದನ್ನು ನೋಡಿ, ‘ಮಾವ, ಇವರೂ ಹೆಸರು ಬರೆದಿದ್ದಾರಲ್ಲ’ ಎಂದ. ಅವನು ತುಂಟತನದಿಂದ ಹೇಳಿದನೋ ನಿಜವಾಗಿಯೇ ಕೇಳಿದನೋ ತಿಳಿಯದು. ಉತ್ತರವನ್ನು ಅವನ ಅಕ್ಕನೇ ಕೊಟ್ಟಳು: ‘ಅವರು ಕೆಲಸ ಮುಗಿಸಿ ಬರೆದರು. ಇವರು ಏನು ಮಾಡಿದ್ದಾರೆ?’

ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಸಂರಕ್ಷಿತ ಸ್ಮಾರಕವನ್ನು ಹೀಗೆ ಕೆಡಿಸುವುದು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಂತೆ ಅಪರಾಧ. 2010ರ ತಿದ್ದುಪಡಿಯ ಮೇಲೆ ಎರಡು ವರ್ಷದವರೆಗೆ ಸೆರೆವಾಸ, ಇಲ್ಲವೆ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಗುಡಿಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಅರಸೀಕೆರೆ, ಜಾವಗಲ್ಲುಗಳ ಗುಡಿಗಳು ಆ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿ ಇದ್ದರೂ ಇಲ್ಲದಿದ್ದರೂ ಕಲ್ಲು ಒಂದೇ, ಗೀರಿದರೆ ಆಗುವ ಗಾಯವೂ ಒಂದೇ. ಕಾವಲುಗಾರ ಎಲ್ಲ ಕಂಬದ ಬಳಿಯೂ ನಿಂತಿರಲಾರ.

ಆದ್ದರಿಂದ ಮುಂದಿನ ರಜೆಯಲ್ಲಿ ಮನೆಯವರೊಡನೆ ಇಲ್ಲಿಗೆ ಹೋದಾಗ ಎರಡು ಕೆಲಸ ಮಾಡಿ. ಒಂದು ನೋಟ್ ಪುಸ್ತಕವನ್ನು ಜೊತೆಗೆ ಇಟ್ಟುಕೊಂಡು, ಪ್ರತಿ ಗುಡಿಯಲ್ಲಿಯೂ ಒಬ್ಬ ಶಿಲ್ಪಿಯ ಹೆಸರನ್ನಾದರೂ ಹುಡುಕಿ ಬರೆದುಕೊಳ್ಳಿ. ಲಿಪಿ ಹಳೆಯದಾದರೂ ತಾಳ್ಮೆಯಿಂದ ನೋಡಿದರೆ ಕೆಲವು ಅಕ್ಷರಗಳ ಗುರುತು ಹತ್ತುತ್ತದೆ. ಹತ್ತದಿದ್ದರೆ ಮಾರ್ಗದರ್ಶಿಯನ್ನು ಕೇಳಿ. ಎರಡನೆಯದು, ಊರಿಗೆ ಮರಳಿದ ಮೇಲೆ ನಿಮ್ಮೂರಿನ ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ನಿಂತಿರುವ ಬರಹದ ಕಲ್ಲು ಯಾವುದಾದರೂ ಇದೆಯೇ ನೋಡಿ. ಬಟ್ಟೆ ಒಗೆಯುವ ಕಲ್ಲಾಗಿಯೋ ದನ ಕಟ್ಟುವ ಕಲ್ಲಾಗಿಯೋ ಅದು ಸವೆಯುತ್ತಿದ್ದರೆ ನಿಮ್ಮ ಇತಿಹಾಸದ ಅಧ್ಯಾಪಕರಿಗೆ ತಿಳಿಸಿ.

ಮನೆಯಲ್ಲಿ ಅಜ್ಜಿ ಜಕಣಾಚಾರಿಯ ಕಥೆ ಹೇಳಿದರೆ ಕೊನೆಯವರೆಗೂ ಕೇಳಿ. ಕೇಳಿದ ಮೇಲೆ ಬಳ್ಳಿಗಾವೆಯಿಂದ ಮಗನೊಡನೆ ಬೇಲೂರಿಗೆ ಬಂದ ದಾಸೋಜನ ಸಂಗತಿಯನ್ನು ಅವರಿಗೆ ನೀವು ಹೇಳಿ.